ತಿಳಿನೀರಿನ ತಿಂಗಳು

ಟೈಲರ್ ಅಕ್ಕನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದು ಬೀದಿಗೆಲ್ಲ ಗೊತ್ತಿದ್ದ ಸಂಗತಿ. ಅಳತೆ ಕೊಟ್ಟು ಹೋದಮೇಲೆ ದಪ್ಪಗಾಗಿ ಬಂದವರನ್ನು ಬೈಯುತ್ತಿದ್ದಳು. ಜೇಬಿನಲ್ಲಿ ಮೂಗೊರೆಸಿದ ಕರ್ಚೀಫು ಬಿಟ್ಟು ಪ್ಯಾಂಟು ಕೊಟ್ಟವರನ್ನು ಬೈಯುತ್ತಿದ್ದಳು. "ನಾಳೆಗೇ ಬೇಕಿತ್ತು" ಎಂದು ರಾಗ ಎಳೆದವರಿಗಂತೂ "ನಾಳೆ ಬೇಕಿದ್ರೆ ಹೋದ ವಾರ ಬರಬೇಕಿತ್ತು" ಎಂದು ಗಂಟನ್ನು ಹಿಂದಕ್ಕೆ ತಳ್ಳುತ್ತಿದ್ದಳು. ಆದರೂ ಜನ ಅವಳಲ್ಲಿಗೇ ಬರುತ್ತಿದ್ದರು. ಬಟ್ಟೆ ಹರಿದುಹೋಗಬಹುದು, ಅವಳು ಹಾಕಿದ ಹೊಲಿಗೆ ಬಿಡುತ್ತಿರಲಿಲ್ಲ. ಐವತ್ತು ದಾಟಿದ ಅವಳನ್ನು ಅವಳಿಗಿಂತ ದೊಡ್ಡವರೂ ಅಕ್ಕ ಎಂದೇ ಕರೆಯುತ್ತಿದ್ದರು. ನಿಜವಾಗಿ ಅವಳು ಅಕ್ಕನಾಗಿದ್ದದ್ದು ಒಬ್ಬಳಿಗೆ, ತನಗಿಂತ ಹನ್ನೊಂದು ವರ್ಷ ಚಿಕ್ಕವಳಾದ ತಂಗಿಗೆ. ಇಬ್ಬರೂ ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ಯಾರಿಗೂ ಬಂದಿರಲಿಲ್ಲ. ಅಂಗಡಿಯ ಹಿಂದಿನ ಒಂದೇ ಕೋಣೆಯಲ್ಲಿ ಅವರ ಸಂಸಾರ.

ತಂಗಿ ಬೇರೆಯೇ ಸ್ವಭಾವದವಳು. ಅಕ್ಕ ಬೈದು ಅಟ್ಟಿದ ಗಿರಾಕಿಯ ಹಿಂದೆ ಬಾಗಿಲ ತನಕ ಹೋಗಿ, "ಬೇಜಾರು ಮಾಡ್ಕೋಬೇಡಿ, ಗುರುವಾರ ಬನ್ನಿ, ಆಗಿರತ್ತೆ" ಎಂದು ಸಮಾಧಾನ ಮಾಡುತ್ತಿದ್ದಳು. ಅವಳಿಗೆ ಕೆಲಸ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಚೆಕ್ಕಿಂಗ್ ವಿಭಾಗದಲ್ಲಿ. ಬಣ್ಣ ಕುಡಿದು ಒಣಗಿ ಬಂದ ಬಟ್ಟೆಯನ್ನು ಮೇಜಿನ ಮೇಲೆ ಎಳೆದು, ಎಲ್ಲಿ ಕಲೆ, ಎಲ್ಲಿ ತೆಳು ಎಂದು ಕಣ್ಣು ಸೋಲುವ ತನಕ ನೋಡುವ ಕೆಲಸ. ಬಟ್ಟೆಯ ಥಾನುಗಳ ಜೊತೆ ಬರುವ ರಟ್ಟಿನ ಚೀಟಿಗಳ ಹಿಂದೆ ಅವಳು ಕವಿತೆ ಬರೆಯುತ್ತಿದ್ದಳು. ಸಂಜೆ ಮನೆಗೆ ಬಂದು, ಅಕ್ಕ ಮೆಷಿನ್ ತುಳಿಯುತ್ತಿರುವಾಗ ಒಂದೊಂದೇ ಚೀಟಿ ತೆಗೆದು ಓದುತ್ತಿದ್ದಳು. ಅಕ್ಕನಿಗೆ ಕವಿತೆಯೆಂದರೆ ಅಷ್ಟಕ್ಕಷ್ಟೆ. ಎಲ್ಲದಕ್ಕೂ ಒಂದೇ "ಹೂಂ".

ಒಂದು ಸಲ ಮಾತ್ರ ಅವಳು ಪೆಡಲಿನಿಂದ ಕಾಲು ತೆಗೆದಿದ್ದಳು. ಗೋಡೆಯ ಕಡೆ ಮುಖ ತಿರುಗಿಸಿಕೊಂಡು, "ಇನ್ನೊಂದ್ಸಲ ಓದು" ಅಂದಿದ್ದಳು.

ಆ ಕವಿತೆ ಕಾಲುವೆಯದು. ಆ ಊರಿನವರು ಋತುವನ್ನು ಕಾಲುವೆ ನೋಡಿ ಹೇಳುತ್ತಿದ್ದರು. ಕಾರ್ಖಾನೆಯ ಬಣ್ಣದ ತೊಟ್ಟಿಗಳನ್ನು ತೊಳೆದ ನೀರೆಲ್ಲ ಅದರಲ್ಲೇ ಹರಿದು, ಸೇತುವೆಯ ಕೆಳಗೆ ಹಾದು, ಮನೆಗಳ ಹಿತ್ತಿಲ ಮಗ್ಗುಲಲ್ಲೇ ಹೋಗುತ್ತಿತ್ತು. ಮಳೆಗೆ ಮುಂಚೆ ಕೊಡೆಬಟ್ಟೆಯ ಕಪ್ಪು. ಚಳಿಗೆ ಮುಂಚೆ ಕಂಬಳಿಯ ಕಡುಗೆಂಪು. ಶಾಲೆಗಳು ತೆರೆಯುವ ಮುಂಚೆ ಯೂನಿಫಾರ್ಮಿನ ನೀಲಿ. ಕೆಂಪು ಮುಗಿದು ನೀಲಿ ಶುರುವಾಗುವ ನಡುವೆ, ಚಳಿ ಹೋಗಿ ಮರಗಳು ಚಿಗುರುವ ಹೊತ್ತಿಗೆ, ಬಾಯ್ಲರ್ ತೊಳೆಯಲೆಂದು ಕಾರ್ಖಾನೆಯ ಬಾಗಿಲು ಹಾಕುತ್ತಿದ್ದರು. ಒಮ್ಮೆ ನಾಲ್ಕು ವಾರ, ಒಮ್ಮೆ ಆರು. ಆಗ ಕಾಲುವೆ ಗಾಜಿನಂತೆ ತಿಳಿಯಾಗುತ್ತಿತ್ತು. ಹೊರಗಿನಿಂದ ಬಂದವರು "ಅಬ್ಬಾ, ಎಷ್ಟು ಚೆಂದ" ಎನ್ನುತ್ತಿದ್ದರು. ಊರವರಿಗೆ ತಿಳಿನೀರು ಎಂದರೆ ಕೂಲಿಯಿಲ್ಲದ ತಿಂಗಳು. ಗಂಡಸರು ಸೇತುವೆಯ ಕಟ್ಟೆಯ ಮೇಲೆ ಕೂತು ಕಾಲಾಡಿಸುತ್ತಿದ್ದರು, ಹೆಂಗಸರು ಸಾರಿಗೆ ನೀರು ಬೆರೆಸುತ್ತಿದ್ದರು, ಮಕ್ಕಳು ಸುಮ್ಮಸುಮ್ಮನೆ ಏಟು ತಿನ್ನುತ್ತಿದ್ದರು. ಒಂದು ಬೆಳಿಗ್ಗೆ ಯಾರಾದರೂ ನೀರಿನಲ್ಲಿ ಮೊದಲ ನೀಲಿ ಎಳೆ ಕಂಡು ಕೂಗುತ್ತಿದ್ದರು. ಆ ಕೂಗು ಬೀದಿಯಿಂದ ಬೀದಿಗೆ ಓಡುತ್ತಿತ್ತು. ಕೆಲಸ ಮತ್ತೆ ಶುರು.

ಅಂಥ ತಿಳಿನೀರಿನ ತಿಂಗಳಲ್ಲೇ, ಒಂದು ಬುಧವಾರ ಮಧ್ಯಾಹ್ನ, ತಂಗಿ ಅಂಗಡಿಗೆ ಓಡಿಬಂದಳು. ಕೈಯಲ್ಲಿ ತೆಳ್ಳನೆಯ ಪುಸ್ತಕ. ಊರಿನ ಕವಿಬಳಗ ವರ್ಷಕ್ಕೊಮ್ಮೆ ತರುತ್ತಿದ್ದ ವಸಂತ ಸಂಚಿಕೆ. ಬಳಗದ ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ತರರು. ಊರಿನ ಅರ್ಧ ಜನಕ್ಕೆ ಅವರೇ ಅಕ್ಷರ ಕಲಿಸಿದ್ದರಿಂದ ಎಲ್ಲರ ಬಾಯಲ್ಲೂ ಮೇಷ್ಟ್ರು.

"ಅಕ್ಕಾ, ನೋಡು. ಹದಿನಾಲ್ಕನೇ ಪುಟ. ನನ್ನ ಹೆಸರು ದಪ್ಪ ಅಕ್ಷರದಲ್ಲಿ ಹಾಕಿದಾರೆ."

ಅಕ್ಕ ಒಂದು ಕೋಟಿನ ಅಸ್ತರು ಬಿಚ್ಚುತ್ತಿದ್ದಳು. ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ತೆಗೆದು ಮೆತ್ತೆಗೆ ಚುಚ್ಚಿ, ಕನ್ನಡಕ ಏರಿಸಿ ಪುಸ್ತಕ ತೆಗೆದುಕೊಂಡಳು. ತಂಗಿಯ ಹೆಸರು ನಿಜಕ್ಕೂ ದಪ್ಪಗಿತ್ತು. ಅದರ ಕೆಳಗೆ ಹೀಗಿತ್ತು:

ತಿಳಿಯಾಯಿತು ಹೊಳೆ, ತಿಳಿಯಾಯಿತು ಮನ,
ಬಂದಿತು ವಸಂತ ನಗುನಗುತ;
ಅಮ್ಮನ ಕೈಗಳು ಚಿಗುರಿನ ಹಸಿರು,
ಕೋಗಿಲೆಯುಲಿಯಿತು ಅನವರತ.

ಅಕ್ಕ ಅದನ್ನು ಎರಡು ಸಲ ಓದಿದಳು. ಪುಟ ತಿರುಗಿಸಿ ಹಿಂದೆ ನೋಡಿದಳು, ಮುಂದೆ ನೋಡಿದಳು.

"ನಿನ್ನದೆಲ್ಲಿ?"

"ಅದೇ ಅಕ್ಕ."

"ಇದಾ? ಇದು ನಿನ್ನದಾ?"

ತಂಗಿ ಮೇಜಿನ ಮೇಲಿನ ಅಳತೆ ಟೇಪನ್ನು ಸುತ್ತತೊಡಗಿದಳು. "ಮೇಷ್ಟ್ರು ಸ್ವಲ್ಪ ತಿದ್ದಿದಾರೆ."

"ಸ್ವಲ್ಪ! ನೀಲಿ ಎಲ್ಲಿ ಹೋಯ್ತು? ಪಾತ್ರೆ ತಳ ಎಲ್ಲಿ ಹೋಯ್ತು? ಅಮ್ಮನ ಕೈ ಹಸಿರಂತೆ. ಅಮ್ಮನ ಕೈ ಯಾವತ್ತೇ ಹಸಿರಾಗಿತ್ತು? ಈ ಊರಲ್ಲಿ ಅನವರತ ಉಲಿಯೋದು ಬಾಯ್ಲರ್ ಒಂದೇ, ಕೋಗಿಲೆ ಯಾವ ಮರದ ಮೇಲೆ ಕೂತಿತ್ತೋ ಕೇಳ್ಕೊಂಡು ಬಾ."

"ಬಿಡಕ್ಕ. ಅಚ್ಚಾಯ್ತಲ್ಲ. ಭಾನುವಾರ ಬಿಡುಗಡೆ ಇದೆ, ನನ್ನ ಕೈಲಿ ಓದಿಸ್ತಾರಂತೆ."

"ತಿಳಿನೀರು ಬಂತು, ವಸಂತ ಬಂತು ಅಂತ ಓದ್ತೀಯಾ? ತಿಳಿನೀರು ಬಂದು ಹತ್ತು ದಿನ ಆಯ್ತು. ನಿನ್ನೆ ನಮ್ಮನೇಲಿ ಏನು ಬೇಯಿಸಿದ್ವಿ ನೆನಪಿದೆಯಾ?"

ತಂಗಿ ಟೇಪನ್ನು ಬಿಚ್ಚಿ ಮತ್ತೆ ಸುತ್ತಿದಳು. ಅಕ್ಕನಿಗೆ ಮೈ ಉರಿದುಹೋಯಿತು. ಅಸ್ತರು ಬಿಚ್ಚಿದ ಕೋಟನ್ನು ಹಾಗೇ ಬಿಟ್ಟು, ಚಪ್ಪಲಿ ಮೆಟ್ಟಿ, ಪುಸ್ತಕವನ್ನು ಕಂಕುಳಲ್ಲಿ ಅವುಚಿಕೊಂಡು ಹೊರಟೇಬಿಟ್ಟಳು. "ಅಕ್ಕಾ, ಬೇಡ" ಎಂದು ತಂಗಿ ಹಿಂದಿನಿಂದ ಕೂಗಿದ್ದು ಕೇಳಿಸಿತು. ಕೇಳಿಸದವಳಂತೆ ನಡೆದಳು.

ಮೇಷ್ಟ್ರ ಮನೆ ಎತ್ತರದ ಬೀದಿಯಲ್ಲಿತ್ತು, ಕಾಲುವೆ ಕಾಣದ ಕಡೆ. ವರಾಂಡದಲ್ಲಿ ಕೂತು ಅವರು ಆಹ್ವಾನಪತ್ರಗಳ ಮೇಲೆ ವಿಳಾಸ ಬರೆಯುತ್ತಿದ್ದರು. ದುಂಡಗಿನ ಅಕ್ಷರ, ಒಂದಕ್ಕೊಂದು ತಾಗದ ಹಾಗೆ. ಅಕ್ಕನನ್ನು ಕಂಡು ಮುಖ ಅರಳಿಸಿದರು.

"ಬಾಮ್ಮ ಬಾ. ತಂಗಿಯ ಪದ್ಯ ನೋಡಿ ಸಂತೋಷವಾಯ್ತಾ?"

"ತಂಗಿ ಪದ್ಯ ಇದರಲ್ಲಿ ಎಲ್ಲಿದೆ ಅಂತ ಕೇಳೋಕೇ ಬಂದೆ ಸಾರ್."

ಮೇಷ್ಟ್ರು ನಕ್ಕರು. ಕೆಟ್ಟ ನಗು ಏನಲ್ಲ. ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರ ತಾಳ್ಮೆಯ ನಗು. ಅದನ್ನು ಕಂಡೇ ಅಕ್ಕನ ಸಿಟ್ಟು ಇನ್ನೊಂದು ಮೆಟ್ಟಿಲು ಹತ್ತಿತು.

"ನೋಡಮ್ಮ, ನಿನ್ನ ತಂಗಿಗೆ ಮನಸ್ಸಿದೆ. ಸಂಸ್ಕಾರ ಕಡಿಮೆ. ಚರಂಡಿ, ಮುರಿದ ಬಕೆಟ್ಟು, ಕೊಳೆ ಕೈ, ಇವನ್ನೆಲ್ಲ ವಸಂತದ ಪದ್ಯದಲ್ಲಿ ತರೋಕಾಗತ್ತಾ? ಓದುವವನ ಮನಸ್ಸು ಅರಳಬೇಕು. ಭಾವ ಅವಳದೇ. ನಾನು ಒಂದು ರೂಪ ಕೊಟ್ಟೆ ಅಷ್ಟೇ. ನೀನೂ ಬಟ್ಟೆ ಆಲ್ಟರ್ ಮಾಡ್ತೀಯಲ್ಲ, ಹಾಗೆ ಅಂದ್ಕೋ."

"ಸಾರ್, ನಾನು ಕೇಳದೆ ಯಾರ ಬಟ್ಟೆಗೂ ಕತ್ತರಿ ಹಾಕಲ್ಲ. ಹಾಕಿದರೂ ಲಂಗ ಕೊಟ್ಟವರಿಗೆ ಪೈಜಾಮ ವಾಪಸ್ ಕೊಡಲ್ಲ. ಅವಳು ಬರೆದಿದ್ದು ತಿಳಿನೀರು ಅಂದ್ರೆ ಹಸಿವು ಅಂತ. ನೀವು ಅದನ್ನೇ ಹಬ್ಬ ಮಾಡಿಟ್ರಿ. ಉಲ್ಟಾ ಹೊಡೆದ್ರಿ ಸಾರ್, ರೂಪ ಕೊಡಲಿಲ್ಲ."

"ಧ್ವನಿ ತಗ್ಗಿಸಮ್ಮ."

"ಅಮ್ಮನ ಕೈ ನೀವು ನೋಡಿದೀರಾ? ನಾನು ನೋಡಿದೀನಿ. ಅದು ಹಸಿರಾಗಿರಲಿಲ್ಲ."

ಮೇಷ್ಟ್ರು ಪೆನ್ನು ಕೆಳಗಿಟ್ಟರು. ಮುಖದ ನಗು ಹೋಗಿತ್ತು. ಎದ್ದು ಒಳಗೆ ಹೋಗಿ ಒಂದು ಫೈಲು ತಂದರು. ಅದರಿಂದ ಒಂದು ಹಾಳೆ ತೆಗೆದು ಅಕ್ಕನ ಮುಂದೆ ಹಿಡಿದರು. ಅಚ್ಚಾದ ಅದೇ ನಾಲ್ಕು ಸಾಲು, ಮೇಷ್ಟ್ರ ಅಕ್ಷರದಲ್ಲಿ. ಕೆಳಗೆ "ಒಪ್ಪಿದ್ದೇನೆ" ಎಂದು ಬರೆದು ರುಜು. ಆ ರುಜು ತಂಗಿಯದು. ಕೊನೆಯ ಅಕ್ಷರದ ಬಾಲವನ್ನು ಹಾಗೆ ಎಳೆಯುವವಳು ಊರಲ್ಲಿ ಇನ್ನೊಬ್ಬಳಿಲ್ಲ.

"ನಾನು ಕೇಳದೆ ಮಾಡಿಲ್ಲಮ್ಮ," ಎಂದರು ಮೇಷ್ಟ್ರು. "ಮನೆಗೆ ಹೋಗಿ ಅವಳನ್ನ ಕೇಳು."

ಅಕ್ಕ ಇಳಿಜಾರಿನ ದಾರಿಯನ್ನು ಹೇಗೆ ಇಳಿದಳೋ ಅವಳಿಗೇ ಗೊತ್ತಾಗಲಿಲ್ಲ. ಮೇಷ್ಟ್ರ ಎದುರು ಬಾಯಿಗೆ ಬೀಗ ಬಿದ್ದ ಅವಮಾನ, ತಂಗಿಯ ಮೇಲಿನ ಸಿಟ್ಟು, ಎರಡೂ ಸೇರಿ ಕಿವಿ ಗುಂಯ್‌ಗುಡುತ್ತಿತ್ತು. ಸೇತುವೆ ಮೇಲೆ ಕೂತಿದ್ದ ಬಾಯ್ಲರ್ ಕೆಲಸದವನು "ಏನಕ್ಕ, ಯಾರ ಮೇಲೆ ಯುದ್ಧ?" ಎಂದು ತಮಾಷೆ ಮಾಡಿದ. ಅವಳು ನೋಡಿದ ನೋಟಕ್ಕೆ ಕಾಲು ಒಳಗೆಳೆದುಕೊಂಡ.

ತಂಗಿ ಕೋಣೆಯಲ್ಲಿ ಮಂಚದ ಅಂಚಿಗೆ ಕೂತಿದ್ದಳು. ಅಕ್ಕ ಬಾಗಿಲು ದೂಡಿಕೊಂಡೇ ಶುರು ಮಾಡಿದಳು.

"ಒಪ್ಪಿದೀಯಂತೆ?"

"ಹೂಂ."

"ಹೂಂ ಅಂತೀಯಾ? ನಾನು ಅಲ್ಲಿ ಅವರ ವರಾಂಡದಲ್ಲಿ ನಿಂತು ಗಂಟಲು ಹರ್ಕೊಂಡೆ. ಅವರು ನಿನ್ನ ರುಜು ತೆಗೆದು ಮುಖಕ್ಕೆ ಹಿಡಿದ್ರು. ಒಂದು ಮಾತು ಹೇಳಬಾರದಿತ್ತಾ?"

"ಹೇಳೋಕೆ ಬಿಟ್ಟೆಯಾ? ಬೇಡ ಅಂತ ಕೂಗಿದೆ." ತಂಗಿ ತಲೆ ಎತ್ತಲಿಲ್ಲ. "ಒಂಬತ್ತು ವರ್ಷದಿಂದ ಕಳಿಸ್ತಾ ಇದೀನಿ ಅಕ್ಕ. ಒಂಬತ್ತು ಸಲ 'ಮುಂದಿನ ಬಾರಿ ನೋಡೋಣ' ಅಂದ್ರು. ಈ ಸಲ ಮಾತ್ರ ಹೀಗೆ ತಿದ್ದಿದ್ರೆ ಹಾಕ್ತೀವಿ ಅಂದ್ರು. ಒಂದೇ ಒಂದ್ಸಲ ನನ್ನ ಹೆಸರು ಅಚ್ಚಲ್ಲಿ ನೋಡ್ಬೇಕು ಅನ್ನಿಸ್ತು. ತಪ್ಪಾ?"

ಅಷ್ಟಕ್ಕೆ ನಿಲ್ಲಿಸಿದ್ದರೆ ಆಗುತ್ತಿತ್ತು. ಅಕ್ಕನ ನಾಲಿಗೆಗೆ ನಿಲ್ಲುವುದು ಗೊತ್ತಿರಲಿಲ್ಲ.

"ಹೆಸರು ದಪ್ಪಗೆ ಬರಲಿ ಅಂತ ಅಮ್ಮನ ಕೈಗೆ ಹಸಿರು ಬಳಿಸಿಕೊಂಡು ಬಂದೆ. ನಾಚಿಕೆ ಆಗಬೇಕು ನಿನಗೆ."

ತಂಗಿ ಈಗ ತಲೆ ಎತ್ತಿದಳು. ಅವಳ ಮುಖವನ್ನು ಅಕ್ಕ ಹಾಗೆ ಎಂದೂ ನೋಡಿರಲಿಲ್ಲ. ಕೆನ್ನೆ ಬಿಳುಚಿಕೊಂಡಿತ್ತು, ಕಣ್ಣು ಮಾತ್ರ ಕೆಂಡ.

"ನನಗೆ ನಾಚಿಕೆನಾ? ಅಮ್ಮ ಹೋದ ದಿನ ಅವಳ ಕೈ ತೊಳೆದವರು ಯಾರು ಅಕ್ಕ?"

ಅಕ್ಕ ಗೋಡೆಯ ಕಡೆ ಮುಖ ತಿರುಗಿಸಿದಳು. ತಂಗಿ ಬಿಡಲಿಲ್ಲ.

"ನೀನು ಸೋಪು ಹಾಕಿದೆ. ಹೋಗಲಿಲ್ಲ. ಸೀಮೆಎಣ್ಣೆ ಹಾಕಿದೆ. ಹೋಗಲಿಲ್ಲ. ಪಾತ್ರೆ ಉಜ್ಜೋ ನಾರು ತಂದೆ. ಬೆರಳ ಸಂದಿ, ಉಗುರ ಸಂದಿ, ಎಲ್ಲಾ ಉಜ್ಜಿದೆ, ಚರ್ಮ ಸುಲಿಯೋ ಹಾಗೆ. ನಾನು ಬೇಡ ಅಕ್ಕ, ಬೇಡ ಅಕ್ಕ, ಹಾಗೇ ಇರಲಿ ಅಂತ ಅತ್ತೆ. ನೀನು ನನ್ನ ಆಚೆ ತಳ್ಳಿದೆ. ನೋಡೋಕೆ ಬರೋರ ಮುಂದೆ ಅಮ್ಮನ ಕೈ ನೀಲಿ ಇರಬಾರದು ಅಂತ ತಾನೆ? ಮೇಷ್ಟ್ರು ಮಾಡಿದ್ದೂ ಅದೇ. ಅವರ ಮೇಲೆ ಯಾಕೆ ಹರಿಹಾಯ್ತೀಯಾ? ಅವರಿಗೆ ಪೆನ್ನು ಸಿಕ್ಕಿತು, ನಿನಗೆ ನಾರು ಸಿಕ್ಕಿತು."

ಎದ್ದು ಹೊರಗೆ ಹೋದಳು. ಬಾಗಿಲನ್ನು ಬಡಿಯಲಿಲ್ಲ, ಬಡಿದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅಕ್ಕನಿಗೆ.

ಆರು ವರ್ಷದ ಹಿಂದಿನ ಮಾತು. ತೊಟ್ಟಿಯ ಹಬೆ ಕುಡಿದು ಕುಡಿದು ಅಮ್ಮನ ಎದೆ ಕೆಟ್ಟು, ನೀಲಿಯ ತಿಂಗಳ ನಡುವೆಯೇ ಉಸಿರು ನಿಂತಿತ್ತು. ಮೂವತ್ತು ವರ್ಷ ತೊಟ್ಟಿಯಲ್ಲಿ ಕೈ ಅದ್ದಿದವಳು. ಕೈ ನೋಡಿದರೆ ತಿಂಗಳು ಹೇಳಬಹುದಿತ್ತು. ಈಗ ಅಕ್ಕ ಕೋಣೆಯಿಂದ ಅಂಗಡಿಗೆ ಬಂದು ಮೆಷಿನಿನ ಮುಂದೆ ಕೂತಳು. ಬಿಚ್ಚಿಟ್ಟ ಕೋಟು ಎದುರಿಗಿತ್ತು. ಸೂಜಿಗೆ ದಾರ ಪೋಣಿಸಿದಳು, ಮತ್ತೆ ಎಳೆದುಹಾಕಿದಳು. ಯಾರನ್ನಾದರೂ ಬೈಯೋಣವೆಂದರೆ ಅಂಗಡಿಯಲ್ಲಿ ಯಾರೂ ಇರಲಿಲ್ಲ.

ಗುರುವಾರ, ಶುಕ್ರವಾರ, ಶನಿವಾರ ಇಬ್ಬರ ನಡುವೆ ಮಾತಿಲ್ಲ. ತಟ್ಟೆ ಇಡುವ ಸದ್ದೇ ಊಟಕ್ಕೆ ಕರೆ. ಶನಿವಾರ ಸಂಜೆ ತಂಗಿ ತನ್ನ ಒಳ್ಳೆಯ ರವಿಕೆಯ ಕಿತ್ತುಹೋದ ಗುಂಡಿಯನ್ನು ತಾನೇ ಹೊಲಿದುಕೊಳ್ಳತೊಡಗಿದಳು, ಟೈಲರ್ ಅಕ್ಕ ಮಾರುದೂರದಲ್ಲಿ ಕೂತಿರುವಾಗ. ಸೊಟ್ಟ ಹಾಕುತ್ತಿದ್ದಳು. ಅಕ್ಕ ಹಲ್ಲು ಕಚ್ಚಿಕೊಂಡು ನೋಡಿದಳು. ಕೊನೆಗೆ ತಡೆಯಲಾರದೆ, "ನಾಳೆ ನಾನು ಬರ್ತೀನಿ. ಬಾಯಿ ತೆಗೆಯಲ್ಲ" ಎಂದಳು.

"ತೆಗೆದ್ರೆ ಮತ್ತೆ ನಿನ್ನ ಮುಖ ನೋಡಲ್ಲ," ಎಂದಳು ತಂಗಿ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಶಾಲೆಯ ಹಾಲಿನಲ್ಲಿ ಕಾರ್ಯಕ್ರಮ. ಬೇರೆ ವರ್ಷಗಳಲ್ಲಿ ಬಳಗದ ಹದಿನೈದಿಪ್ಪತ್ತು ಜನ, ಅವರ ಮನೆಯವರು ಅಷ್ಟೇ ಬರುತ್ತಿದ್ದರು. ಈ ಸಲ ಕಾರ್ಖಾನೆಯ ಹೆಂಗಸರು ಹಿಂಡುಹಿಂಡಾಗಿ ಬಂದಿದ್ದರು. ತಮ್ಮಲ್ಲೊಬ್ಬಳ ಹೆಸರು ಅಚ್ಚಾಗಿದೆ, ಅದೂ ಅಲ್ಲದೆ ಕೆಲಸವಿಲ್ಲದ ತಿಂಗಳು, ಮನೆಯಲ್ಲಿ ಕೂತು ಮಾಡುವುದೇನು. ಹಿಂದಿನ ಬೆಂಚುಗಳೆಲ್ಲ ತುಂಬಿ, ಕಿಟಕಿಯ ಹತ್ತಿರ ನಿಂತಿದ್ದರು. ಅವರ ನಡುವೆ 'ಸೈರನ್' ಇದ್ದಳು. ತೊಟ್ಟಿ ವಿಭಾಗದ ದಪ್ಪ ಹೆಂಗಸು. ಅವಳು ಒಂದು ಕೂಗು ಹಾಕಿದರೆ ಕಾರ್ಖಾನೆಯ ಸೈರನ್ ಬೇಕಾಗಿಲ್ಲ ಎಂದು ಮ್ಯಾನೇಜರೇ ಇಟ್ಟ ಹೆಸರು. ಅಕ್ಕ ಅವಳ ಮುಂದಿನ ಬೆಂಚಿನ ತುದಿಗೆ ಕೂತಳು.

ಮೇಷ್ಟ್ರು ಅರ್ಧ ಗಂಟೆ ವಸಂತದ ಬಗ್ಗೆ ಮಾತಾಡಿದರು. ಪ್ರಕೃತಿ ಹಳೆಯದನ್ನು ಕಳಚಿ ಹೊಸದನ್ನು ಉಡುತ್ತದೆ, ಕವಿಯ ಮನಸ್ಸೂ ಹಾಗೇ ಹೊಸತಾಗಬೇಕು ಎಂದರು. ಆಮೇಲೆ ಬ್ಯಾಂಕಿನವರೊಬ್ಬರು ಇಬ್ಬನಿಯ ಮೇಲೆ, ಔಷಧಿ ಅಂಗಡಿಯವರು ದುಂಬಿಯ ಮೇಲೆ, ಇನ್ನೊಬ್ಬರು ಮತ್ತೆ ಇಬ್ಬನಿಯ ಮೇಲೆ ಓದಿದರು. ಹಿಂದಿನ ಬೆಂಚಿನಲ್ಲಿ ಆಕಳಿಕೆ ಶುರುವಾಯಿತು. ನಾಲ್ಕನೆಯದಾಗಿ ತಂಗಿಯ ಹೆಸರು ಕೂಗಿದರು. ಹೆಂಗಸರು ಚಪ್ಪಾಳೆ ತಟ್ಟಿದ ರಭಸಕ್ಕೆ ಮೇಷ್ಟ್ರು ಬೆಚ್ಚಿಬಿದ್ದರು.

ತಂಗಿ ಮೈಕಿನ ಮುಂದೆ ನಿಂತು ಪುಸ್ತಕ ಬಿಡಿಸಿದಳು. ಧ್ವನಿ ಸಣ್ಣಗಿತ್ತು.

"ತಿಳಿಯಾಯಿತು ಹೊಳೆ, ತಿಳಿಯಾಯಿತು ಮನ, ಬಂದಿತು ವಸಂತ ನಗುನಗುತ..."

ಹಿಂದಿನಿಂದ ಸೈರನ್ ಬಾಯಿಬಿಟ್ಟಳು.

"ಏನಂದೆ? ತಿಳಿನೀರು ಬಂದ್ರೆ ನಗುನಗುತಾನಾ? ನಮ್ಮನೇಲಿ ಬಂದು ನೋಡೇ, ಯಾರು ನಗ್ತಾವ್ರೆ ಅಂತ!"

ನಗೆ ಎದ್ದಿತು. ಮೊದಲು ಹಿಂದಿನ ಬೆಂಚಿನಲ್ಲಿ, ಆಮೇಲೆ ಕಿಟಕಿಯ ಹತ್ತಿರ. "ಹೊಳೆ ಅಂತೆ ಹೊಳೆ!" ಎಂದಳೊಬ್ಬಳು. "ಹೆಸರು ಅಚ್ಚಾದ್ಮೇಲೆ ಕಾಲುವೆ ಹೊಳೆ ಆಯ್ತು ಕಣೇ," ಎಂದಳು ಇನ್ನೊಬ್ಬಳು. ತಂಗಿಯ ಕತ್ತು ಕೆಂಪಾಯಿತು. ಕಿವಿಯ ತನಕ ಹತ್ತಿತು.

ಅಕ್ಕನ ಕಾಲುಗಳು ತಾವಾಗಿ ನೆಲ ಒತ್ತಿದವು. ಎದ್ದು ನಿಂತು ಆ ಮೇಷ್ಟ್ರಿಗೂ, ಈ ಸೈರನ್‌ಗೂ, ನಗುತ್ತಿದ್ದ ಪ್ರತಿಯೊಬ್ಬಳಿಗೂ ಒಂದೊಂದು ಹೇಳಲು ಮಾತುಗಳು ಸಾಲುಗಟ್ಟಿ ಗಂಟಲಿಗೆ ಬಂದವು. ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಉಗುರು ಮರಕ್ಕೆ ನೆಟ್ಟಿತು. ಜೀವನದಲ್ಲಿ ಅಷ್ಟು ಕಷ್ಟದ ಕೆಲಸವನ್ನು ಅವಳು ಮಾಡಿರಲಿಲ್ಲ.

ತಂಗಿ ಪುಸ್ತಕ ಮುಚ್ಚಿದಳು. ಅತ್ತು ಇಳಿದುಬರುತ್ತಾಳೆ ಎಂದುಕೊಂಡಳು ಅಕ್ಕ. ತಂಗಿ ಇಳಿಯಲಿಲ್ಲ. ಪುಸ್ತಕವನ್ನು ಮೇಷ್ಟ್ರ ಮುಂದಿನ ಮೇಜಿನ ಮೇಲಿಟ್ಟಳು.

"ಅಚ್ಚಾದದ್ದನ್ನು ಮುಗಿಸಮ್ಮ," ಎಂದರು ಮೇಷ್ಟ್ರು ಮೆಲ್ಲಗೆ.

"ಅಚ್ಚಾದದ್ದು ನಿಮ್ಮದು ಸಾರ್. ಒಪ್ಪಿದ್ದು ನನ್ನ ತಪ್ಪು. ಬೇಕಿದ್ರೆ ನೀವೇ ಓದಿ." ಮೈಕಿನಲ್ಲಿ ಅದು ಹಾಲಿಗೆಲ್ಲ ಕೇಳಿಸಿತು. ನಂತರ ಸೈರನ್ ಕಡೆ ತಿರುಗಿದಳು. "ನೀನು ನಕ್ಕಿದ್ದು ಸರಿ. ಈಗ ಸ್ವಲ್ಪ ಬಾಯಿ ಮುಚ್ಕೊಂಡು ಕೇಳು."

ಮೇಷ್ಟ್ರು ಕೈಸನ್ನೆ ಮಾಡಿದರು. ಪಕ್ಕದಲ್ಲಿ ಕೂತಿದ್ದ ಬ್ಯಾಂಕಿನವರು ಬಗ್ಗಿ ಮೈಕಿನ ವೈರು ಕಿತ್ತರು. ತಂಗಿ ಮೈಕನ್ನು ಪಕ್ಕಕ್ಕೆ ಸರಿಸಿ ಒಂದು ಹೆಜ್ಜೆ ಮುಂದೆ ಬಂದಳು. ಚೆಕ್ಕಿಂಗ್ ವಿಭಾಗದಲ್ಲಿ ಯಂತ್ರಗಳ ಗದ್ದಲದ ಮೇಲೆ ಮಾತಾಡಿ ಅಭ್ಯಾಸವಿದ್ದ ಗಂಟಲು ಅದು. ಮನೆಯಲ್ಲಿ ಅಕ್ಕನ ಮುಂದೆ ಆ ಗಂಟಲು ಎಂದೂ ಹೊರಬಂದಿರಲಿಲ್ಲ.

ಕಾಲುವೆ ತಿಳಿಯಾಗಿದೆ.
ತಳದ ಕಲ್ಲು ಕಾಣುತ್ತದೆ, ಮುರಿದ ಬಕೆಟ್ಟು ಕಾಣುತ್ತದೆ,
ನಮ್ಮ ಪಾತ್ರೆಯ ತಳವೂ ಕಾಣುತ್ತದೆ.

ಸೇತುವೆಯಿಂದ ಯಾರೋ ಕೂಗಿದರು:
ಬಂತು, ಒಂದೆಳೆ ನೀಲಿ ಬಂತು.
ತೋಳು ಮಡಚಿ ಅಮ್ಮ ಓಡಿದಳು.

ಸಂಜೆ ಬಂದಳು, ಮೊಣಕೈ ತನಕ ನೀಲಿ.
ಆ ಕೈಯಲ್ಲೇ ಬಡಿಸಿದಳು, ಆ ಕೈಯಲ್ಲೇ ಹೊಡೆದಳು,
ಒಂದು ವರ್ಷ ಆ ಕೈಯಲ್ಲೇ ಹೋದಳು.

ನಮಗೆ ವಸಂತವೆಂದರೆ ಇಷ್ಟೇ:
ಅಮ್ಮನ ಕೈ
ಮತ್ತೆ ಕೊಳೆಯಾಗುವುದು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಸೈರನ್ ತನ್ನ ಅಂಗೈಗಳನ್ನು ಮಗುಚಿ ನೋಡಿಕೊಳ್ಳುತ್ತಿದ್ದಳು. ಉಗುರಿನ ಬುಡದಲ್ಲಿ ಕಳೆದ ಚಳಿಯ ಕೆಂಪು ಇನ್ನೂ ಉಳಿದಿತ್ತು. ಪಕ್ಕದವಳು ಮೂಗು ಒರೆಸಿಕೊಂಡಳು. ಆಮೇಲೆ ಸೈರನ್ ಎದ್ದು, "ಇನ್ನೊಂದ್ಸಲ ಹೇಳು" ಎಂದಳು. ಅವಳ ಮಟ್ಟಿಗೆ ಅದು ಪಿಸುಮಾತು.

ತಂಗಿ ಇನ್ನೊಂದು ಸಲ ಹೇಳಿದಳು. ಮೇಷ್ಟ್ರು ಎದ್ದು, "ಇದು ಬಳಗದ ಶಿಸ್ತಿಗೆ..." ಎಂದು ಏನೋ ಶುರುಮಾಡಿದರು. ಕೇಳುವವರಿರಲಿಲ್ಲ. ಅವರು ಕುರ್ಚಿಯ ಬೆನ್ನನ್ನು ಹಿಡಿದು ನಿಂತೇ ಇದ್ದರು, ತರಗತಿ ಕೈತಪ್ಪಿದ ಮೇಷ್ಟ್ರ ಹಾಗೆ. ಅವರು ಮಾತಿಗೆ ತಡಕಾಡುತ್ತಿದ್ದುದನ್ನು ಅಕ್ಕ ನೋಡಿದಳು. ನೋಡಿ ಅಯ್ಯೋ ಅನ್ನಿಸಲಿಲ್ಲ. ಇನ್ನೂ ತಡಕಾಡಲಿ ಅನ್ನಿಸಿತು.

ಮನೆಗೆ ಹೋಗುವಾಗ ಇಬ್ಬರೂ ಕಾಲುವೆಯ ದಂಡೆಯ ಮೇಲೆ ನಡೆದರು. ಬಿಸಿಲು ನೆತ್ತಿಗೇರಿತ್ತು. ಸೇತುವೆ ದಾಟುವ ತನಕ ಅಕ್ಕ ತಡೆದುಕೊಂಡಳು.

"ಅಮ್ಮ ಹೋದ ದಿನ ಚಿಕ್ಕಮ್ಮ ಅಂದ್ಳು. 'ಈ ಕೈ ನೋಡೋಕಾಗಲ್ಲ ಕಣೇ, ಏನಾದ್ರೂ ಮಾಡು' ಅಂತ."

"ಗೊತ್ತು. ನನಗೂ ಕೇಳಿಸಿತ್ತು."

"ಗೊತ್ತಿದ್ದೂ ನನ್ನ ಮೇಲೆ ಹಾಕಿದೆಯಲ್ಲ?"

"ಉಜ್ಜಿದ್ದು ಚಿಕ್ಕಮ್ಮ ಅಲ್ಲವಲ್ಲ ಅಕ್ಕ."

ಅಕ್ಕನಿಗೆ ಮತ್ತೆ ಸಿಟ್ಟು ಬಂತು. ಹೇಳಿಕೊಂಡರೂ ಬಿಡುವುದಿಲ್ಲವಲ್ಲ ಇವಳು ಎಂದು. ಹತ್ತು ಹೆಜ್ಜೆ ಹೋದಮೇಲೆ ಆ ಸಿಟ್ಟು ಯಾರ ಮೇಲೂ ನಿಲ್ಲದೆ ತನ್ನ ಮೇಲೇ ತಿರುಗಿತು.

"ಹೌದು," ಎಂದಳು. "ನಾನೇ ಉಜ್ಜಿದ್ದು. ಉಜ್ಜಬಾರದಿತ್ತು."

ಮುಂದೆ ಮುಂದೆ ಹೋಗುತ್ತಿದ್ದ ತಂಗಿ ನಡಿಗೆ ನಿಧಾನ ಮಾಡಿ ಜೊತೆಗೆ ಬಂದಳು.

ವಾರದೊಳಗೆ ಮೇಷ್ಟ್ರ ಕಾಗದ ಬಂತು. ಅದೇ ದುಂಡಗಿನ ಅಕ್ಷರ. ತಂಗಿಯನ್ನು ಬಳಗದಿಂದ ಕೈಬಿಡಲಾಗಿದೆ, ಅವಳ ರಚನೆಗಳನ್ನು ಇನ್ನು ಮುಂದೆ ಪರಿಶೀಲಿಸುವುದಿಲ್ಲ ಎಂದಿತ್ತು. ಅಕ್ಕ ಅದನ್ನು ಹರಿಯಲು ಹೋದಳು. ತಂಗಿ ಕಿತ್ತುಕೊಂಡು ಅದರ ಹಿಂದಿನ ಖಾಲಿ ಪುಟದಲ್ಲಿ ಕಾಲುವೆಯ ಕವಿತೆ ಬರೆದಳು. ಮರುದಿನ ಬೆಳಿಗ್ಗೆ ಮೈದಾಹಿಟ್ಟಿನ ಅಂಟು ಮಾಡಿ, ಕಾರ್ಖಾನೆಗೆ ಹೋಗುವವರೆಲ್ಲ ದಾಟುವ ಸೇತುವೆಯ ಗೋಡೆಗೆ ಅಂಟಿಸಿದಳು.

ಬಾಯ್ಲರ್ ಹೊತ್ತಿಸಿದ ದಿನ ಗೋಡೆಯ ಮೇಲೆ ಅವಳ ಕವಿತೆಯ ಪಕ್ಕದಲ್ಲಿ ಇನ್ನೊಂದು ಹಾಳೆ ಇತ್ತು. ಸೈರನ್ ಹೇಳಿ ಬರೆಸಿದ್ದು. ನೀಲಿಯ ತಿಂಗಳು ಮುಗಿಯುವಷ್ಟರಲ್ಲಿ ಏಳು ಹಾಳೆಗಳಾದವು. ಒಂದು ಕೆಮ್ಮಿನ ಮೇಲೆ. ಇನ್ನೊಂದು, ತಾಯಿಯೊಬ್ಬಳು ತನ್ನ ಮಗಳಿಗೆ ಹೊಲಿಸಲಾಗದ ಯೂನಿಫಾರ್ಮಿನ ಮೇಲೆ. ಬಾಯ್ಲರ್ ಕೆಲಸದವನದೂ ಒಂದಿತ್ತು. ಬರೀ ಬೈಗುಳ, ಪ್ರಾಸಬದ್ಧ. ಯಾರೋ ರಾತ್ರೋರಾತ್ರಿ ಎರಡು ಹಾಳೆ ಕಿತ್ತರು. ಹೆಂಗಸರು ನಾಲ್ಕು ಅಂಟಿಸಿದರು. ಕೊಡೆಬಟ್ಟೆಯ ಕಪ್ಪು ಬಂದಾಗ ಹಳೆಯ ಹಾಳೆಗಳ ಮೇಲೆ ಹೊಸವು ಬಂದವು. ಮಳೆ ಬಂದು ಎಲ್ಲವನ್ನೂ ತೊಳೆಯಿತು. ಮಳೆ ನಿಂತಮೇಲೆ ಮತ್ತೆ ಶುರುವಾಯಿತು. ಅಕ್ಕ ಕವಿತೆ ಬರೆಯಲಿಲ್ಲ. ದಿನಾ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಒಂದು ಸುತ್ತು ಹೋಗಿ, ಯಾರಾದರೂ ಕಿತ್ತಿದ್ದಾರೇನೋ ಎಂದು ನೋಡಿ ಬರುತ್ತಿದ್ದಳು.

ಕೆಂಪು ಶುರುವಾದ ವಾರ, ಹಾಗೆ ಹೋದಾಗ, ಗೋಡೆಯ ಮುಂದೆ ಮೇಷ್ಟ್ರು ನಿಂತಿದ್ದರು. ಕನ್ನಡಕವನ್ನು ಹಣೆಗೇರಿಸಿ, ಹಾಳೆಗೆ ಮೂಗು ತಾಗುವಷ್ಟು ಹತ್ತಿರ. ಅಕ್ಕ ರಸ್ತೆಯ ಆಚೆ ಬದಿಯಿಂದಲೇ ಕೂಗಿದಳು.

"ಸಾರ್! ಕೈ ಹಚ್ಚಿದ್ರೆ ಸರಿ ಇರಲ್ಲ!"

ಮೇಷ್ಟ್ರು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಅವಳು ಹತ್ತಿರ ಬರುವ ತನಕ ಕಾದು, "ಕೈ ಹಚ್ಚಿಲ್ಲಮ್ಮ. ಓದ್ತಾ ಇದ್ದೆ," ಎಂದರು. ಗದ್ದದಿಂದ ಹಾಳೆಯ ಕಡೆ ತೋರಿಸಿ, "ಎರಡನೇ ಸಾಲಲ್ಲಿ ಒತ್ತಕ್ಷರ ತಪ್ಪಾಗಿದೆ. ಯಾರಾದರೂ ಸರಿ ಮಾಡಿದರೆ ಚೆನ್ನಾಗಿರತ್ತೆ," ಎಂದು ಹೇಳಿ ಎತ್ತರದ ಬೀದಿಯ ಕಡೆ ನಡೆದರು.

ಅಕ್ಕ ಬಗ್ಗಿ ನೋಡಿದಳು. ಒತ್ತಕ್ಷರ ತಪ್ಪೇ ಆಗಿತ್ತು. ಅವರು ಸರಿ ಹೇಳಿದ್ದನ್ನೇ ಅವಳಿಗೆ ತಡೆಯಲಾಗಲಿಲ್ಲ. ಅಂಗಡಿಗೆ ಬಂದು ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದಳು. ಮೊದಲ ಗಿರಾಕಿಗೆ ಏನೂ ತಪ್ಪಿಲ್ಲದೆ ಬೈದಳು. ಮಧ್ಯಾಹ್ನ ತಂಗಿ ಊಟಕ್ಕೆ ಬಂದಾಗ ವಿಷಯ ಹೇಳುವಾಗಲೂ ಅವಳ ಧ್ವನಿ ಏರಿಯೇ ಇತ್ತು. ತಂಗಿ ಕೇಳಿಸಿಕೊಂಡು, ತಟ್ಟೆ ಮುಗಿಸಿ, ಕೈ ತೊಳೆದು, ಮೇಜಿನ ಡ್ರಾಯರಿನಲ್ಲಿ ಪೆನ್ನು ಹುಡುಕತೊಡಗಿದಳು.